ಹರಟೆಗೊಂದು ಕೋಣೆ: ಸಲ್ವಾದ ದಿವಾನಿಯಾಗಳು

ದಿವಾನಿಯಾ ಎಂಬುದು ಕುವೈತಿನ ಮನೆಗೆ ಸೇರಿದ್ದೂ ಮನೆಯೊಳಗೆ ಸೇರದ ಕೋಣೆ. ಅದರ ಬಾಗಿಲು ನೇರ ಬೀದಿಗೆ ತೆರೆದುಕೊಳ್ಳುತ್ತದೆ. ಬಂದವರಿಗೆ ಒಳಮನೆ ಕಾಣುವುದಿಲ್ಲ, ಒಳಮನೆಗೆ ಬಂದವರ ಗದ್ದಲ ತಟ್ಟುವುದಿಲ್ಲ. ಗೋಡೆಗಳ ಉದ್ದಕ್ಕೂ ದಿಂಬು ಒರಗಿಸಿದ ಹಾಸು ಅಥವಾ ಸೋಫಾ ಸಾಲು, ನಡುವೆ ಖಾಲಿ ಜಾಗ, ಒಂದು ಮೂಲೆಯಲ್ಲಿ ಚಹಾ ಕಾಫಿಯ ಸರಂಜಾಮು, ಇನ್ನೊಂದು ಕಡೆ ದೊಡ್ಡ ಟಿ.ವಿ. ಇಷ್ಟಾದರೆ ಕೋಣೆ ಸಿದ್ಧ. ಅಲ್ಲಿ ಸೇರುವ ಗಂಡಸರ ಕೂಟಕ್ಕೂ ಅದೇ ಹೆಸರು. ರಾತ್ರಿಯ ಇಶಾ ನಮಾಜು ಮುಗಿದ ಮೇಲೆ ಒಬ್ಬೊಬ್ಬರಾಗಿ ಬರುತ್ತಾರೆ, ನಡುರಾತ್ರಿಯವರೆಗೆ ಕೂರುತ್ತಾರೆ. ಫುಟ್‌ಬಾಲ್, ಪೆಟ್ರೋಲ್ ಬೆಲೆ, ಮಂತ್ರಿಯ ರಾಜೀನಾಮೆ, ಮಗನ ಮದುವೆ, ನಿನ್ನೆಯ ಧಾರಾವಾಹಿ, ಒಂಟೆಯ ರೋಗ, ಲಂಡನ್ನಿನ ಆಸ್ಪತ್ರೆ, ಹೀಗೆ ಯಾವುದೂ ಅಲ್ಲಿ ವಿಷಯಾಂತರವಲ್ಲ.

ಸಲ್ವಾ ಇಂಥ ಕೋಣೆಗಳು ತುಂಬಿರುವ ಬಡಾವಣೆ. ಕುವೈತ್ ನಗರದ ಆಗ್ನೇಯಕ್ಕೆ, ಹವಲ್ಲಿ ಪ್ರಾಂತ್ಯದಲ್ಲಿ, ಕೊಲ್ಲಿಯ ದಂಡೆಗೆ ಹತ್ತಿರದಲ್ಲಿದೆ. ಉತ್ತರಕ್ಕೆ ರುಮೈಥಿಯಾ, ದಕ್ಷಿಣಕ್ಕೆ ಮೆಸ್ಸಿಲಾ, ಪಶ್ಚಿಮಕ್ಕೆ ಫಹಾಹೀಲ್ ಹೆದ್ದಾರಿಯ ಆಚೆ ಬಯಾನ್ ಮತ್ತು ಮಿಶ್ರಿಫ್. ಮರಳಿನ ಬಣ್ಣದ ಎರಡು ಮೂರು ಅಂತಸ್ತಿನ ಮನೆಗಳು, ಮುಂದೆ ನೆರಳು ಚಪ್ಪರದಡಿ ನಿಂತ ಕಾರುಗಳು, ನಡುವೆ ಮಸೀದಿ, ಶಾಲೆ, ಸಹಕಾರ ಸಂಘದ ಅಂಗಡಿ. ವಿಳಾಸ ಹೇಳುವುದು ಬ್ಲಾಕ್, ಬೀದಿ, ಮನೆಯ ಸಂಖ್ಯೆಯಿಂದ. ಹಲವು ಮನೆಗಳ ಹೊರಗೋಡೆಯ ಮೇಲೆ ಮನೆತನದ ಹೆಸರು ಬರೆದ ಫಲಕವಿರುತ್ತದೆ. ಕೆಲವದರಲ್ಲಿ ಯಾವ ವಾರ ಕೂಟ ಎಂಬುದೂ ಇರುತ್ತದೆ. ಮಂಗಳವಾರ ಎಂದು ಬರೆದಿದ್ದರೆ ಆ ದಿನ ಬಂದವರಿಗೆ ಪ್ರತ್ಯೇಕ ಆಹ್ವಾನ ಬೇಕಿಲ್ಲ. ಬಂದು ಹೋಗುವುದೇ ಮರ್ಯಾದೆ. ಬಹಳ ದಿನ ಬಾರದೆ ಉಳಿದವನನ್ನು ಎಲ್ಲಿ ಮಾಯವಾದೆ ಎಂದು ಕೇಳುತ್ತಾರೆ.

ಒಳಗಿನ ಶಿಷ್ಟಾಚಾರ ಚಿಕ್ಕದು, ಆದರೆ ಕಟ್ಟುನಿಟ್ಟಿನದು. ಹಾಸಿನ ಕೋಣೆಯಾದರೆ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಒಳಬಂದವನು ಎಲ್ಲರಿಗೂ ಸಲಾಂ ಹೇಳಿದರೆ ಕುಳಿತವರು ಎದ್ದು ನಿಂತು ಉತ್ತರಿಸುತ್ತಾರೆ. ಹಿರಿಯರಿಗೆ ಬಾಗಿಲಿನಿಂದ ದೂರದ, ನಡುಗೋಡೆಯ ಜಾಗ. ಏಲಕ್ಕಿ ಹಾಕಿದ ತಿಳಿ ಅರಬಿ ಕಾಫಿ ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಬರುತ್ತದೆ, ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಬಟ್ಟಲನ್ನು ಒಮ್ಮೆ ಅಲ್ಲಾಡಿಸಿ ಕೊಟ್ಟರೆ ಸಾಕು ಎಂದರ್ಥ. ಅಲ್ಲಾಡಿಸದಿದ್ದರೆ ಸುರಿಯುತ್ತಲೇ ಇರುತ್ತಾರೆ. ನಂತರ ಸಣ್ಣ ಗಾಜಿನ ಲೋಟದಲ್ಲಿ ಸಿಹಿ ಕಪ್ಪು ಚಹಾ. ಚಳಿಗಾಲವಾದರೆ ಬೇಯಿಸಿದ ಕಡಲೆ, ಬಾಕಿ ದಿನ ಖರ್ಜೂರ. ವಿಶೇಷ ದಿನಗಳಲ್ಲಿ ತಟ್ಟೆತುಂಬ ಮಚ್‌ಬೂಸ್, ಅಂದರೆ ಮಸಾಲೆಯಲ್ಲಿ ಬೆಂದ ಅನ್ನದ ಮೇಲೆ ಮಾಂಸ ಅಥವಾ ಮೀನು. ಎಳೆಯರ ದಿವಾನಿಯಾದಲ್ಲಿ ಕೋಟ್ ಎಂಬ ಇಸ್ಪೀಟಾಟ ನಡೆಯುತ್ತದೆ: ಆರು ಜನ, ಮೂವರ ಎರಡು ತಂಡ, ಹೊಡೆದು ಎಸೆದ ಎಲೆಯ ಸದ್ದು ಬೀದಿಗೆ ಕೇಳುವಷ್ಟು.

ಇದನ್ನು ನಮ್ಮೂರ ಹರಟೆಕಟ್ಟೆಗೆ ಹೋಲಿಸುವುದು ಸುಲಭ, ಸ್ವಲ್ಪ ದೂರ ಸರಿಯೂ ಹೌದು. ಅರಳಿಮರದ ಕಟ್ಟೆಗೆ ಯಜಮಾನನಿಲ್ಲ, ದಿವಾನಿಯಾಕ್ಕೆ ಇದ್ದಾನೆ. ಕಟ್ಟೆಯ ಮೇಲೆ ಹೇಳಿದ ಮಾತು ಗಾಳಿಗೆ ಹೋಗುತ್ತದೆ; ದಿವಾನಿಯಾದಲ್ಲಿ ಹೇಳಿದ ಮಾತಿಗೆ ಆ ಮನೆತನದ ಹೊಣೆ ಇರುತ್ತದೆ, ನೆರಳೂ ಇರುತ್ತದೆ. ಕುವೈತಿನಲ್ಲಿ ಈ ಕೋಣೆ ಶಾಸನಸಭೆಗಿಂತ ಹಳೆಯದಾಗಿ ಉಳಿದದ್ದಕ್ಕೂ, ಸಭೆ ಮುಚ್ಚಿದಾಗಲೆಲ್ಲ ಅದರ ಕೆಲಸ ಹೊತ್ತುಕೊಂಡದ್ದಕ್ಕೂ ಕಾರಣ ಇಲ್ಲಿದೆ.

ಎಣ್ಣೆ ಬರುವ ಮೊದಲಿನ ಕುವೈತ್ ಮಣ್ಣಿನ ಗೋಡೆಯೊಳಗಿನ ಬಂದರು ಪಟ್ಟಣ. ಮುತ್ತು ತೆಗೆಯುವ ಹಡಗು, ಬಾಂಬೆ ಕರಾಚಿ ಮಲಬಾರ್ ಕಡೆಗೆ ಖರ್ಜೂರ ಒಯ್ದು ಮರಮುಟ್ಟು ತರುವ ಹಡಗು, ಇವೆರಡರ ಮೇಲೆ ಊರು ಬದುಕುತ್ತಿತ್ತು. ಲೆಕ್ಕ ನಡೆಯುತ್ತಿದ್ದದ್ದು ಭಾರತದ ರೂಪಾಯಿಯಲ್ಲಿ. ಕುವೈತ್ ದಿನಾರ್ ಬಂದದ್ದು 1961ರಲ್ಲಿ. ವರ್ತಕರೂ ಹಡಗಿನ ನಾಯಕರಾದ ನಖೋದರೂ ಸಮುದ್ರಕ್ಕೆ ಮುಖ ಮಾಡಿದ ದಿವಾನಿಯಾಗಳಲ್ಲಿ ಕುಳಿತು ಸಾಲ, ಸರಕು, ಗಾಳಿಯ ದಿಕ್ಕು ಮಾತಾಡುತ್ತಿದ್ದರು. ಆಳುವ ಸಬಾಹ್ ಮನೆತನಕ್ಕೆ ಸುಂಕದ ಹಣ ಬರುತ್ತಿದ್ದದ್ದು ಇದೇ ವರ್ತಕರಿಂದ. ಹಾಗಾಗಿ ಅವರ ಕೋಣೆಯ ಮಾತಿಗೆ ತೂಕವಿತ್ತು. 1921ರಲ್ಲಿ ಸಲಹಾ ಮಂಡಳಿ, 1938ರಲ್ಲಿ ಶಾಸನ ಮಂಡಳಿ ಬೇಕೆಂದು ಕೇಳಿದವರು ಈ ವರ್ಗದವರೇ. 1938ರ ಮಂಡಳಿ ಕೆಲವೇ ತಿಂಗಳು ಬದುಕಿ ವಿಸರ್ಜನೆಯಾಯಿತು. ಅದೇ ವರ್ಷ ಬುರ್ಗಾನ್‌ನಲ್ಲಿ ಎಣ್ಣೆ ಸಿಕ್ಕಿತ್ತು.

1946ರಲ್ಲಿ ಎಣ್ಣೆ ರಫ್ತು ಶುರುವಾದ ಮೇಲೆ ಊರಿನ ರೂಪವೇ ಬದಲಾಯಿತು. ಬ್ರಿಟಿಷ್ ಯೋಜಕರು 1952ರ ಹೊತ್ತಿಗೆ ಹಾಕಿಕೊಟ್ಟ ನಕ್ಷೆಯಂತೆ ವರ್ತುಲ ರಸ್ತೆಗಳು, ಅವುಗಳ ನಡುವೆ ವಸತಿ ಬಡಾವಣೆಗಳು ಬಂದವು. ಹಳೆಯ ಕೋಟೆಗೋಡೆಯನ್ನು 1957ರಲ್ಲಿ ಕೆಡವಿದರು, ಕೆಲವು ಬಾಗಿಲುಗಳಷ್ಟೇ ಉಳಿದವು. ಒಳಪಟ್ಟಣದ ಮನೆಗಳನ್ನು ಸರ್ಕಾರ ದುಬಾರಿ ಬೆಲೆಗೆ ಕೊಂಡು ಜನರನ್ನು ಹೊರಗಿನ ಬಡಾವಣೆಗಳಿಗೆ ಕಳಿಸಿತು. ಅಕ್ಕಪಕ್ಕದಲ್ಲಿದ್ದ ನೆಂಟರು ಚದುರಿದರು, ಓಣಿ ಹೋಯಿತು, ಕಾರು ಬಂತು. ಸಲ್ವಾದಂಥ ಬಡಾವಣೆಗಳಲ್ಲಿ ಹೊಸ ಮನೆ ಕಟ್ಟಿದವರು ಮಾತ್ರ ನಕ್ಷೆಯಲ್ಲಿ ಒಂದು ಕೋಣೆಯನ್ನು ಬೀದಿಯ ಕಡೆಗೆ ಬಿಟ್ಟುಕೊಂಡರು. ಚದುರಿದ ಓಣಿ ವಾರಕ್ಕೊಮ್ಮೆ ಅಲ್ಲಿ ಸೇರಿತು. ಕಾಂಕ್ರೀಟು, ಏಸಿ, ದೀಪಗೊಂಚಲು ಹೊಸದು. ಕೂರುವ ಕ್ರಮ ಹಳೆಯದೇ.

ಸ್ವಾತಂತ್ರ್ಯ 1961ರ ಜೂನ್ 19ರಂದು, ಸಂವಿಧಾನ 1962ರ ನವೆಂಬರ್ 11ರಂದು, ಮೊದಲ ರಾಷ್ಟ್ರೀಯ ಸಭೆಯ ಚುನಾವಣೆ 1963ರ ಜನವರಿಯಲ್ಲಿ. ಚುನಾಯಿತರು 50 ಮಂದಿ. ಆದರೆ ರಾಜಕೀಯ ಪಕ್ಷಗಳಿಗೆ ಮಾನ್ಯತೆಯಿಲ್ಲ. ಪಕ್ಷವಿಲ್ಲದ ಚುನಾವಣೆಯಲ್ಲಿ ಅಭ್ಯರ್ಥಿ ಎಲ್ಲಿ ಹುಟ್ಟುತ್ತಿದ್ದ, ಎಲ್ಲಿ ಮತ ಕೇಳುತ್ತಿದ್ದ, ಗೆದ್ದ ಮೇಲೆ ಯಾರಿಗೆ ಲೆಕ್ಕ ಒಪ್ಪಿಸುತ್ತಿದ್ದ? ಎಲ್ಲಕ್ಕೂ ಉತ್ತರ ದಿವಾನಿಯಾ. ಚುನಾವಣೆಯ ಕಾಲದಲ್ಲಿ ಒಬ್ಬ ಅಭ್ಯರ್ಥಿ ಒಂದೇ ರಾತ್ರಿ ಹಲವು ಮನೆ ಸುತ್ತುತ್ತಿದ್ದ, ಪ್ರತಿ ಮನೆಯಲ್ಲೂ ಕಾಫಿ ಕುಡಿಯಲೇಬೇಕಿತ್ತು. ಗೆದ್ದ ಮೇಲೆ ತನ್ನದೇ ದಿವಾನಿಯಾದಲ್ಲಿ ಕೂತು ಮತದಾರರ ಅರ್ಜಿ ಕೇಳುತ್ತಿದ್ದ: ಮಗನಿಗೆ ನೌಕರಿ, ತಾಯಿಗೆ ವಿದೇಶದಲ್ಲಿ ಚಿಕಿತ್ಸೆ, ತಡೆದ ಕಡತ. ಇದನ್ನು ಪ್ರಜಾಪ್ರಭುತ್ವ ಎನ್ನಬೇಕೋ ಶಿಫಾರಸು ಎನ್ನಬೇಕೋ ಎಂಬ ಚರ್ಚೆ ಅಲ್ಲಿಯೂ ನಡೆಯುತ್ತಿತ್ತು, ಆ ಕೋಣೆಗಳಲ್ಲೇ.

ಸಂವಿಧಾನ ಬರೆದವರು ಈ ಕೋಣೆಯ ಬೆಲೆ ಬಲ್ಲವರು. 44ನೇ ವಿಧಿಯ ಪ್ರಕಾರ ಖಾಸಗಿ ಕೂಟಕ್ಕೆ ಅನುಮತಿಯೂ ಬೇಡ, ಮುನ್ಸೂಚನೆಯೂ ಬೇಡ; ಅಂಥ ಕೂಟದಲ್ಲಿ ಪೊಲೀಸರು ಹಾಜರಿರುವಂತಿಲ್ಲ. ಸಾರ್ವಜನಿಕ ಸಭೆಗಳಿಗೆ 1979ರಲ್ಲಿ ಬಿಗಿ ಕಾಯ್ದೆ ಬಂದಾಗಲೂ ದಿವಾನಿಯಾ ಉಳಿದುಕೊಂಡಿತು. ಆ ಕಾಯ್ದೆಯ ಬಹುಪಾಲು ವಿಧಿಗಳನ್ನು ಸಾಂವಿಧಾನಿಕ ನ್ಯಾಯಾಲಯ 2006ರಲ್ಲಿ ರದ್ದು ಮಾಡಿತು.

ಈ ರಕ್ಷಣೆಯ ನಿಜವಾದ ಪರೀಕ್ಷೆ ನಡೆದದ್ದು 1989ರ ಚಳಿಗಾಲದಲ್ಲಿ. ರಾಷ್ಟ್ರೀಯ ಸಭೆಯನ್ನು 1976ರಲ್ಲಿ ಒಮ್ಮೆ, 1986ರಲ್ಲಿ ಮತ್ತೊಮ್ಮೆ ಅಮೀರರು ವಿಸರ್ಜಿಸಿ ಸಂವಿಧಾನದ ಕೆಲವು ವಿಧಿಗಳನ್ನು ಅಮಾನತಿನಲ್ಲಿಟ್ಟಿದ್ದರು. ಎರಡನೆಯ ಸಲ ಮುಚ್ಚಿದ ಸಭೆಯನ್ನು ಮತ್ತೆ ತೆರೆಯಬೇಕೆಂದು ಮಾಜಿ ಸದಸ್ಯರು ಸಹಿ ಸಂಗ್ರಹ ಶುರು ಮಾಡಿದರು. ವಿಸರ್ಜಿತ ಸಭೆಯ ಸ್ಪೀಕರ್ ಅಹ್ಮದ್ ಅಲ್ ಸಾದೂನ್ ಅವರಲ್ಲಿ ಪ್ರಮುಖರು. ಡಿಸೆಂಬರಿನಿಂದ ಪ್ರತಿ ಸೋಮವಾರ ಒಬ್ಬೊಬ್ಬ ಮಾಜಿ ಸದಸ್ಯನ ದಿವಾನಿಯಾದಲ್ಲಿ ಸೇರುವುದೆಂದಾಯಿತು. ಕೋಣೆ ಸಾಲದೆ ಜನ ಬೀದಿಯಲ್ಲಿ ನಿಂತರು. ಸರ್ಕಾರಕ್ಕೆ ಇಕ್ಕಟ್ಟು: ದಿವಾನಿಯಾ ಮುಚ್ಚಿಸಿದರೆ ಮನೆತನದ ಮೇಲೆ ಕೈ ಮಾಡಿದಂತೆ, ಬಿಟ್ಟರೆ ಸಭೆಯೇ ನಡೆದಂತೆ. ಪೊಲೀಸರು ಕೆಲವೆಡೆ ದಾರಿ ಕಟ್ಟಿದರು. 1990ರ ಜನವರಿಯಲ್ಲಿ ಜಹ್ರಾದಲ್ಲಿ ಬಲಪ್ರಯೋಗವೂ ನಡೆಯಿತು. ಕೊನೆಗೆ ಸರ್ಕಾರ ಜೂನ್‌ನಲ್ಲಿ 75 ಮಂದಿಯ ಹೊಸ ಮಂಡಳಿಯೊಂದನ್ನು ತಂದಿತು, ಅದರಲ್ಲಿ 25 ಮಂದಿ ನೇಮಕಗೊಂಡವರು. ವಿರೋಧಿಗಳು ಆ ಚುನಾವಣೆಯನ್ನು ಬಹಿಷ್ಕರಿಸಿದರು. ಆಗಸ್ಟ್ 2ರಂದು ಇರಾಕಿನ ಸದ್ದಾಂ ಹುಸೇನರ ಸೇನೆ ಗಡಿ ದಾಟಿತು. ಅಕ್ಟೋಬರಿನಲ್ಲಿ ಜಿದ್ದಾದಲ್ಲಿ ಸೇರಿದ ದೇಶಭ್ರಷ್ಟ ಕುವೈತಿಗಳ ಎದುರು ಆಳುವ ಮನೆತನ 1962ರ ಸಂವಿಧಾನಕ್ಕೆ ಮರಳುವುದಾಗಿ ಮಾತು ಕೊಟ್ಟಿತು. 1992ರ ಅಕ್ಟೋಬರಿನಲ್ಲಿ ಚುನಾವಣೆ ನಡೆಯಿತು. ಸೋಮವಾರದ ದಿವಾನಿಯಾಗಳು ಇಲ್ಲದಿದ್ದರೆ ಜಿದ್ದಾದಲ್ಲಿ ಆ ಮಾತು ಕೇಳುವ ಧೈರ್ಯ ಬರುತ್ತಿತ್ತೇ ಎಂಬುದು ಅನುಮಾನ.

ದಿವಾನಿಯಾದ ರಾಜಕೀಯಕ್ಕೆ ಇನ್ನೊಂದು ಪಾಠಶಾಲೆ ಬಡಾವಣೆಯ ಸಹಕಾರ ಸಂಘ. 1962ರಲ್ಲಿ ಶುರುವಾದ ಈ ಸಂಘಗಳು ಇಂದು ಬಹುತೇಕ ಪ್ರತಿ ಬಡಾವಣೆಯಲ್ಲೂ ಇವೆ, ಸಲ್ವಾದಲ್ಲೂ. ನಿವಾಸಿ ನಾಗರಿಕರೇ ಷೇರುದಾರರು, ವರ್ಷಕ್ಕೊಮ್ಮೆ ಲಾಭ ಹಂಚಿಕೆ, ಆಡಳಿತ ಮಂಡಳಿಗೆ ಚುನಾವಣೆ. ಟೊಮೆಟೊ ಬೆಲೆಯ ಜಗಳದಲ್ಲಿ ಗೆದ್ದವನು ಮುಂದೆ ಸಂಸತ್ತಿಗೆ ನಿಲ್ಲುವುದು ಅಪರೂಪವಾಗಿರಲಿಲ್ಲ. ಇರಾಕಿನ ಆಕ್ರಮಣದ ಏಳು ತಿಂಗಳಲ್ಲಿ ಊರಲ್ಲೇ ಉಳಿದ ಕುವೈತಿಗಳು ಈ ಅಂಗಡಿಗಳನ್ನು ಸ್ವಯಂಸೇವಕರಾಗಿ ನಡೆಸಿ ದಿನಸಿ ಹಂಚಿದ್ದರು.

2006ರವರೆಗೆ ದೇಶ 25 ಸಣ್ಣ ಕ್ಷೇತ್ರಗಳಾಗಿತ್ತು. ಕ್ಷೇತ್ರ ಪುಟ್ಟದಾದರೆ ನಾಲ್ಕು ದೊಡ್ಡ ದಿವಾನಿಯಾಗಳನ್ನು ಒಲಿಸಿಕೊಂಡರೆ ಸಾಕು. ಮತ ಖರೀದಿಯೂ ಸುಲಭ. ಐದೇ ಕ್ಷೇತ್ರ ಬೇಕೆಂದು ಆ ವರ್ಷ ಯುವಕ ಯುವತಿಯರು ಕಿತ್ತಳೆ ಬಣ್ಣದ ಬಟ್ಟೆ ತೊಟ್ಟು ಸಂಸತ್ತಿನೆದುರು ಕೂತರು, ಗೆದ್ದರು. 2008ರ ಚುನಾವಣೆ ಹೊಸ ಲೆಕ್ಕದಲ್ಲಿ ನಡೆಯಿತು. ಸಲ್ವಾ ಮೊದಲ ಕ್ಷೇತ್ರಕ್ಕೆ ಸೇರಿತು, ಸುನ್ನಿ ಶಿಯಾ ಮತದಾರರು ಬೆರೆತಿರುವ ಕ್ಷೇತ್ರ. ಅದೇ ವರ್ಷ ಸರ್ಕಾರಿ ಜಾಗದ ಮೇಲೆ ಕಟ್ಟಿಕೊಂಡ ದಿವಾನಿಯಾಗಳನ್ನು ಕೆಡವುವ ಕಾರ್ಯಾಚರಣೆ ನಡೆದು ಅದೂ ಚುನಾವಣೆಯ ವಿಷಯವಾಯಿತು.

ಹೆಣ್ಣುಮಕ್ಕಳ ಮಟ್ಟಿಗೆ ದಿವಾನಿಯಾ ಬಹುಕಾಲ ಮುಚ್ಚಿದ ಬಾಗಿಲು. ಮತ ಹಕ್ಕು ಸಿಕ್ಕಿದ್ದು 2005ರ ಮೇ 16ರಂದು. ಹಕ್ಕು ಸಿಕ್ಕಿದರೂ ಮತದಾರ ಗಂಡಸರು ಸೇರುವ ಕೋಣೆಗೆ ಹೋಗದೆ ಪ್ರಚಾರ ಮಾಡುವುದು ಹೇಗೆ ಎಂಬ ತೊಡಕು ಉಳಿಯಿತು. ಕೆಲವರು ಧೈರ್ಯವಾಗಿ ದಿವಾನಿಯಾಗಳಿಗೇ ಹೋದರು. 2009ರ ಮೇ ತಿಂಗಳಲ್ಲಿ ನಾಲ್ವರು ಗೆದ್ದರು: ಮಸೂಮಾ ಅಲ್ ಮುಬಾರಕ್, ರೋಲಾ ದಶ್ತಿ, ಅಸೀಲ್ ಅಲ್ ಅವಾಧಿ, ಸಲ್ವಾ ಅಲ್ ಜಸ್ಸಾರ್. ಇವರಲ್ಲಿ ಮಸೂಮಾ ಸಲ್ವಾ ಬಡಾವಣೆ ಸೇರಿದ ಮೊದಲ ಕ್ಷೇತ್ರದವರು. 2005ರಲ್ಲೇ ದೇಶದ ಮೊದಲ ಮಹಿಳಾ ಮಂತ್ರಿಯಾಗಿದ್ದರು. ಇಷ್ಟಾದರೂ ಮಹಿಳೆಯರೇ ನಡೆಸುವ, ಗಂಡು ಹೆಣ್ಣು ಇಬ್ಬರೂ ಕೂರುವ ದಿವಾನಿಯಾಗಳು ಇಂದಿಗೂ ಬೆರಳೆಣಿಕೆಯವು. ಮನೆಯ ಯಜಮಾನಿ ತನ್ನ ಮನೆಯ ಮುಂಗೋಣೆಯಲ್ಲಿ ಏನು ಮಾತಾಯಿತೆಂದು ಮರುದಿನ ಗಂಡನಿಂದ ತಿಳಿಯಬೇಕಾದ ಸ್ಥಿತಿಯನ್ನು ಸಂಪ್ರದಾಯವೆಂದು ಹೊಗಳಲು ಹೆಚ್ಚೇನಿಲ್ಲ.

ರಾಜಕೀಯವಿಲ್ಲದ ರಾತ್ರಿ ದಿವಾನಿಯಾದಲ್ಲಿ ಟಿ.ವಿ. ಯಜಮಾನ. ಕುವೈತ್ ಟಿ.ವಿ. ಶುರುವಾದದ್ದು 1961ರಲ್ಲಿ. ಕೊಲ್ಲಿಯ ನಾಟಕ ಮತ್ತು ಧಾರಾವಾಹಿಗಳಿಗೆ ದಶಕಗಳ ಕಾಲ ಕುವೈತೇ ರಾಜಧಾನಿ. 1977ರ ‘ದರ್ಬ್ ಅಲ್ ಝಲಗ್’ ಅದಕ್ಕೆ ದೊಡ್ಡ ಸಾಕ್ಷಿ. ಹಳೆಯ ಮನೆಗೆ ಸರ್ಕಾರದಿಂದ ದಿಢೀರ್ ಹಣ ಬಂದಾಗ ಬಡ ಅಣ್ಣತಮ್ಮಂದಿರು ವ್ಯಾಪಾರಕ್ಕಿಳಿದು ಮಾಡಿಕೊಳ್ಳುವ ಅವಾಂತರ ಅದರ ಕಥೆ. ಅಬ್ದುಲ್ ಹುಸೇನ್ ಅಬ್ದುಲ್ ರೆಧಾ ಮತ್ತು ಸಾದ್ ಅಲ್ ಫರಜ್ ಮುಖ್ಯ ನಟರು. ತಮ್ಮ ತಂದೆತಾಯಿ ನಿಜವಾಗಿ ಹಾದುಬಂದ ಭೂಮಿ ಖರೀದಿಯ ಕಾಲವನ್ನು ಕುವೈತಿಗಳು ಈ ಹಾಸ್ಯದ ಮೂಲಕವೇ ನೆನೆಯುತ್ತಾರೆ. ಅದರ ಸಂಭಾಷಣೆ ಇಂದಿಗೂ ಮಾತಿನ ನಡುವೆ ನುಸುಳುತ್ತದೆ. ಅಬ್ದುಲ್ ಹುಸೇನ್ ಮುಂದೆ 1992ರಲ್ಲಿ ‘ಸೈಫ್ ಅಲ್ ಅರಬ್’ ನಾಟಕದಲ್ಲಿ ಸದ್ದಾಮರ ಪಾತ್ರ ಹಾಕಿ ನಗಿಸಿದರು. ಆಕ್ರಮಣ ಮುಗಿದು ಬರೀ ಒಂದು ವರ್ಷವಾಗಿತ್ತು. 2017ರಲ್ಲಿ ಅವರು ತೀರಿಕೊಂಡಾಗ ಸುನ್ನಿ ಶಿಯಾ ಭೇದವಿಲ್ಲದೆ ಇಡೀ ಕೊಲ್ಲಿ ಅತ್ತಿತು ಎನ್ನಬಹುದು.

ಧಾರಾವಾಹಿಗಳ ಸುಗ್ಗಿ ರಮ್ಜಾನ್ ತಿಂಗಳು. ಇಫ್ತಾರ್ ಆದ ಮೇಲೆ ಒಂದರ ಹಿಂದೆ ಒಂದು, ತಡರಾತ್ರಿಯ ಘಬ್ಗಾ ಊಟದವರೆಗೆ. ಆ ತಿಂಗಳ ಮೊದಲ ದಿನಗಳಲ್ಲಿ ದಿವಾನಿಯಾದಿಂದ ದಿವಾನಿಯಾಕ್ಕೆ ಶುಭಾಶಯ ಹೇಳುತ್ತ ಸುತ್ತುವುದು ವಾಡಿಕೆ. ವಿದೇಶಿ ರಾಯಭಾರಿಗಳೂ ಸುತ್ತುತ್ತಾರೆ. ಯಾರ ಮನೆಗೆ ಯಾವ ರಾಯಭಾರಿ ಹೋದರೆಂಬುದು ಪತ್ರಿಕೆಯ ಸುದ್ದಿ.

ನಗುವಿಗೆ ಇಷ್ಟು ಜಾಗವಿರುವ ದೇಶದಲ್ಲೇ ಸೆನ್ಸಾರಿನ ಕತ್ತರಿಯೂ ಹರಿತವಾಗಿದೆ. ಸೌದ್ ಅಲ್ ಸನೂಸಿಯವರ ‘ಸಾಕ್ ಅಲ್ ಬಾಂಬೂ’ 2013ರಲ್ಲಿ ಅರಬಿ ಕಾದಂಬರಿಯ ಅಂತರರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಕುವೈತಿ ತಂದೆಗೂ ಮನೆಗೆಲಸದ ಫಿಲಿಪಿನೋ ತಾಯಿಗೂ ಹುಟ್ಟಿದವನ ಕಥೆಯದು. ಅವರ ಮುಂದಿನ ಕಾದಂಬರಿಯನ್ನು ಕುವೈತಿನಲ್ಲಿ ನಿಷೇಧಿಸಿದರು. 2018ರಲ್ಲಿ ನಿಷೇಧಿತ ಪುಸ್ತಕಗಳ ಸಂಖ್ಯೆ ನಾಲ್ಕು ಸಾವಿರ ದಾಟಿದ್ದು ಬಯಲಾಗಿ ಓದುಗರು ಬೀದಿಗಿಳಿದರು. 2020ರಲ್ಲಿ ಆಮದು ಪುಸ್ತಕಗಳ ಮೇಲಿನ ಪೂರ್ವತಪಾಸಣೆ ಸಡಿಲವಾಯಿತು. ಸಿನಿಮಾಕ್ಕೆ ಆ ಅದೃಷ್ಟವಿಲ್ಲ. ತಮಿಳಿನ ‘ಬೀಸ್ಟ್’ಗೆ 2022ರಲ್ಲಿ, ಹಾಲಿವುಡ್‌ನ ‘ಬಾರ್ಬಿ’ಗೆ 2023ರಲ್ಲಿ ಬಾಗಿಲು ಮುಚ್ಚಿತು. ನಿಷೇಧದಿಂದ ಹರಟೆಗೆ ವಿಷಯ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಈ ಕೋಣೆಯಲ್ಲಿ ಪ್ರತಿ ರಾತ್ರಿ ಹಾಜರಿದ್ದೂ ಮಾತಾಡದ ಒಬ್ಬನಿದ್ದಾನೆ: ಕಾಫಿ ಸುರಿಯುವವನು. ಅವನು ಬಹಳ ಸಲ ಭಾರತದವನು, ಇಲ್ಲವೇ ಬಾಂಗ್ಲಾದೇಶದವನು. ಕುವೈತಿನ ಜನಸಂಖ್ಯೆಯಲ್ಲಿ ನಾಗರಿಕರು ಸುಮಾರು ಮೂರನೇ ಒಂದು ಪಾಲು ಮಾತ್ರ. ಹೊರಗಿನವರಲ್ಲಿ ಭಾರತೀಯರೇ ಹೆಚ್ಚು, ಹತ್ತು ಲಕ್ಷದ ಆಸುಪಾಸು. ಸಲ್ವಾದ ದೊಡ್ಡ ಮನೆಯೊಂದರಲ್ಲಿ ಡ್ರೈವರ್, ಅಡುಗೆಯವ, ಮನೆಗೆಲಸದ ಹೆಂಗಸು ಮೂವರೂ ಮೂರು ದೇಶದವರಿರುವುದು ಸಾಮಾನ್ಯ. ಮನೆಗೆಲಸದವರಿಗೆ 2015ರಲ್ಲಿ ಬಂದ 68ನೇ ಕಾನೂನು ದಿನಕ್ಕೆ ಗರಿಷ್ಠ 12 ಗಂಟೆ ಕೆಲಸ, ವಾರಕ್ಕೊಂದು ರಜೆ ಎಂದು ಬರೆಯಿತು. ಮರುವರ್ಷ ಕನಿಷ್ಠ ವೇತನ 60 ದಿನಾರ್ ಎಂದಾಯಿತು. ಕೂಟ ನಡುರಾತ್ರಿ ದಾಟಿದರೆ ಆ 12 ಗಂಟೆಯ ಲೆಕ್ಕ ಇಡುವವರು ಯಾರು ಎಂಬುದು ಆ ಕೋಣೆಯಲ್ಲಿ ಚರ್ಚೆಗೆ ಬರುವ ವಿಷಯವಲ್ಲ.

ಕನ್ನಡಿಗರಲ್ಲಿ ಕರಾವಳಿಯವರು ಹೆಚ್ಚು: ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು. ಅವರ ವಾಸ ಬಹುಮಟ್ಟಿಗೆ ಸಾಲ್ಮಿಯಾ, ಅಬ್ಬಾಸಿಯಾ, ಮಂಗಾಫ್, ಫಹಾಹೀಲ್ ಕಡೆಯ ಫ್ಲ್ಯಾಟುಗಳಲ್ಲಿ. ಫ್ಲ್ಯಾಟಿನಲ್ಲಿ ಬೀದಿಗೆ ತೆರೆದ ಕೋಣೆಯಿರುವುದಿಲ್ಲ. ಅದರ ಬದಲು ರಜೆಯ ಶುಕ್ರವಾರವಿದೆ, ಸಂಘಗಳಿವೆ. ಕುವೈತ್ ಕನ್ನಡ ಕೂಟ, ತುಳು ಕೂಟ, ಕೆನರಾ ವೆಲ್‌ಫೇರ್ ಅಸೋಸಿಯೇಷನ್, ಬಿಲ್ಲವ ಸಂಘ, ಬಂಟರ ಸಂಘ ಇವೆಲ್ಲ ಶಾಲೆಯ ಸಭಾಂಗಣ ಹಿಡಿದು ರಾಜ್ಯೋತ್ಸವ, ನಾಟಕ, ಯಕ್ಷಗಾನ ನಡೆಸುತ್ತವೆ. ಭಾರತದ ಗಡಿಯಾರ ಎರಡೂವರೆ ಗಂಟೆ ಮುಂದಿರುವುದರಿಂದ ಊರಿನ ಒಂಬತ್ತೂವರೆಯ ‘ಬಿಗ್ ಬಾಸ್’ ಇಲ್ಲಿ ಸಂಜೆ ಏಳಕ್ಕೆ ಬರುತ್ತದೆ. ಅಡುಗೆ ಮನೆಯಲ್ಲಿ ಮೀನು ಹುರಿಯುವ ಹೊತ್ತಿಗೆ ನಿರೂಪಕ ಸುದೀಪ್ ಮಾತು.

ರಾಜಕೀಯ ಮಾತ್ರ ತಗ್ಗಿದ ದನಿಯಲ್ಲಿ. ಖಾಸಗಿ ಕೂಟದ ರಕ್ಷಣೆ ಕುವೈತಿಗಳಿಗೆ ಕೊಟ್ಟ ಧೈರ್ಯವನ್ನು ವೀಸಾದ ಮೇಲೆ ಬದುಕುವವರಿಗೆ ಕೊಡುವುದಿಲ್ಲ. 2022ರ ಎರಡು ಘಟನೆಗಳು ಈ ಅಂತರವನ್ನು ತೋರಿಸಿದವು. ಉಡುಪಿಯ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ ಫೆಬ್ರುವರಿಯಲ್ಲಿ ಕುವೈತಿನ ಭಾರತೀಯ ರಾಯಭಾರ ಕಚೇರಿಯ ಎದುರು ಮಹಿಳೆಯರ ಪ್ರತಿಭಟನೆಯಾಗಿ ಕಾಣಿಸಿತು, ಅಲ್ಲಿನ ಕೆಲವು ಸಂಸದರೂ ದನಿಗೂಡಿಸಿದರು. ಜೂನ್‌ನಲ್ಲಿ, ಪ್ರವಾದಿಯವರ ಬಗ್ಗೆ ಭಾರತದಲ್ಲಿ ಬಂದ ರಾಜಕೀಯ ವಕ್ತಾರರ ಹೇಳಿಕೆ ಖಂಡಿಸಿ ಫಹಾಹೀಲ್‌ನಲ್ಲಿ ಶುಕ್ರವಾರದ ನಮಾಜಿನ ನಂತರ ಘೋಷಣೆ ಕೂಗಿದ ವಿದೇಶಿ ಕಾರ್ಮಿಕರನ್ನು ಗಡೀಪಾರು ಮಾಡುವುದಾಗಿ ಸರ್ಕಾರ ಪ್ರಕಟಿಸಿತು. ಹೇಳಿಕೆಯನ್ನು ಕುವೈತ್ ಸರ್ಕಾರವೂ ಖಂಡಿಸಿತ್ತು. ಆದರೂ ಬೀದಿಯಲ್ಲಿ ಕೂಗುವ ಹಕ್ಕು ಹೊರಗಿನವರಿಗಿಲ್ಲ ಎಂಬುದು ನಿಯಮ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಸರ್ಕಾರ ದಿವಾನಿಯಾಗಳನ್ನು ಮುಚ್ಚಿಸಿತು. ಅಮೀರರ ವಿಸರ್ಜನೆಯಿಂದ ಆಗದ್ದು ವೈರಸ್ಸಿನಿಂದ ಆಯಿತು. ಆ ಡಿಸೆಂಬರಿನ ಚುನಾವಣೆಯ ಪ್ರಚಾರ ಬಹುಪಾಲು ಮೊಬೈಲಿನಲ್ಲಿ ನಡೆಯಿತು. ರೋಗ ಇಳಿದ ಮೇಲೆ ಜನ ಮರಳಿದರು, ಆದರೆ ಹಲವು ದಿವಾನಿಯಾಗಳಿಗೆ ಈಗ ಒಂದು ವಾಟ್ಸ್‌ಆ್ಯಪ್ ಗುಂಪು ಇದೆ. ಅಲ್ಲಿ ಬರೆದದ್ದು ಉಳಿಯುತ್ತದೆ, ಸ್ಕ್ರೀನ್‌ಶಾಟ್ ಆಗುತ್ತದೆ, ಮೊಕದ್ದಮೆಗೆ ಸಾಕ್ಷಿಯೂ ಆಗಬಹುದು. 44ನೇ ವಿಧಿ ಪೊಲೀಸರನ್ನು ಹೊರಗಿಟ್ಟದ್ದು ಕೋಣೆಯಿಂದ. ಮೊಬೈಲು ಆ ಕೋಣೆಯ ಗೋಡೆಯನ್ನೇ ತೆಗೆದಿದೆ.

ರಾಷ್ಟ್ರೀಯ ಸಭೆಗೆ 2020ರಿಂದ 2024ರ ಒಳಗೆ ನಾಲ್ಕು ಚುನಾವಣೆ ನಡೆದವು. ಸರ್ಕಾರ ಮತ್ತು ಸಭೆಯ ಜಟಾಪಟಿಯಲ್ಲಿ ಯಾವ ಸಭೆಯೂ ಅವಧಿ ಮುಗಿಸಲಿಲ್ಲ. 2024ರ ಏಪ್ರಿಲ್ 4ರಂದು ಮತ ಹಾಕಿದ ಸಲ್ವಾದ ಜನ ತಮ್ಮ ಪ್ರತಿನಿಧಿಗಳು ಪ್ರಮಾಣವಚನ ಸ್ವೀಕರಿಸುವುದನ್ನೂ ನೋಡಲಿಲ್ಲ. ಮೇ 10ರಂದು ಅಮೀರ್ ಶೇಖ್ ಮಿಶಾಲ್ ಸಭೆಯನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ಅಮಾನತಿನಲ್ಲಿಟ್ಟರು. ಆ ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ. 1976ರ ವಿಸರ್ಜನೆಯ ನಂತರ ಚುನಾವಣೆಗೆ ನಾಲ್ಕೂವರೆ ವರ್ಷ ಹಿಡಿಯಿತು, 1986ರ ನಂತರ ಆರು.